ಅಭಯಾರಣ್ಯದಲ್ಲಿ ಅಭಯ ಯಾರಿಗೆ?

ತೀರ್ಥಯಾತ್ರೆ ಶ್ರಾವಕಜೀವನದ ಒಂದು ಸತ್ಕ್ರಿಯೆ. ಮನೆ, ವ್ಯಾಪಾರ, ಹೊಲಗದ್ದೆಗಳ ಚಿಂತೆಯನ್ನು ಕೆಲವು ದಿನ ಬದಿಗಿರಿಸಿ, ಪೂರ್ವಿಕರು ಧರ್ಮವನ್ನು ಬಾಳಿ ತೋರಿದ ನೆಲವನ್ನು ಕಣ್ಣಾರೆ ಕಂಡು, ಅಲ್ಲಿಂದ ಒಂದಿಷ್ಟು ಪರಿಣಾಮಶುದ್ಧಿಯನ್ನು ಮನೆಗೆ ತರುವುದು ಅದರ ಉದ್ದೇಶ. ಚಾರಿತ್ರಿಕ ನಗರಗಳ ದರ್ಶನವನ್ನೂ ಈ ಉದ್ದೇಶಕ್ಕೆ ಹೊಂದಿಸಿಕೊಳ್ಳಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಯಾತ್ರೆಯ ಕಾರ್ಯಕ್ರಮ ಪಟ್ಟಿಗೆ ಸದ್ದಿಲ್ಲದೆ ಒಂದು ಹೊಸ ಸಾಲು ಸೇರಿಕೊಳ್ಳುತ್ತಿದೆ. ದೆಹಲಿ, ಆಗ್ರಾ, ಜಯಪುರ ಎಂಬ ಮೂರು ನಗರಗಳನ್ನು ಪ್ರವಾಸೋದ್ಯಮದವರು ‘ಗೋಲ್ಡನ್ ಟ್ರಯಾಂಗಲ್’ ಎಂದು ಕರೆದು ಒಟ್ಟಿಗೆ ಮಾರುತ್ತಾರೆ. ಆ ಮೂರಕ್ಕೆ ರಣಥಂಭೋರಿನ ಹುಲಿ ಸಫಾರಿಯನ್ನು ನಾಲ್ಕನೆಯದಾಗಿ ಕಟ್ಟಿಕೊಡುವುದು ಈಗ ರೂಢಿ. ದಾರಿಯಲ್ಲಿ ಶ್ರೀಮಹಾವೀರಜೀ ಕ್ಷೇತ್ರವೂ ಸಿಗುವುದರಿಂದ ಜೈನ ತಂಡಗಳಿಗೆ ಈ ಏರ್ಪಾಡು ಬಹಳ ಅನುಕೂಲವೆಂದು ತೋರುತ್ತದೆ. ಬೆಳಿಗ್ಗೆ ಭಗವಂತನ ದರ್ಶನ, ಮಧ್ಯಾಹ್ನ ಹುಲಿಯ ದರ್ಶನ!

ಈ ಅನುಕೂಲವನ್ನೇ ಪ್ರಶ್ನಿಸಬೇಕಾಗಿದೆ. ಬಸದಿಯ ಟ್ರಸ್ಟು, ಮಹಿಳಾ ಸಮಾಜ ಅಥವಾ ಯುವಕ ಸಂಘ ತನ್ನ ಹೆಸರಿನಲ್ಲಿ ಹೊರಡಿಸುವ ಯಾತ್ರೆಯಲ್ಲಿ ಸಫಾರಿಗೆ ಸ್ಥಾನವಿರಕೂಡದು. ಇದು ಸಮಯ ಅಥವಾ ಹಣದ ಅಪವ್ಯಯದ ಮಾತು ಮಾತ್ರವಲ್ಲ. ಯಾತ್ರೆಯ ಮೊದಲ ದಿನಗಳು ಏನನ್ನು ಕಲಿಸುತ್ತವೆಯೋ ಅದನ್ನು ಕೊನೆಯ ದಿನ ಅಳಿಸಿಹಾಕುತ್ತದೆ ಎಂಬುದೇ ಮುಖ್ಯವಾದ ಆಕ್ಷೇಪ.

ಮೊದಲ ದಿನಗಳ ಪಾಠ ಯಾವುದು? ದೆಹಲಿಯಿಂದಲೇ ನೋಡಬಹುದು. ಕೆಂಪುಕೋಟೆಯ ಎದುರಿಗೆ, ಚಾಂದನಿ ಚೌಕದ ಮೊದಲಿಗೇ, ದಿಗಂಬರ ಜೈನ ಲಾಲ್ ಮಂದಿರವಿದೆ. ಅದರ ಆವರಣದಲ್ಲಿ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯಿದೆ. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕಡಿದುಕೊಂಡ ಪಾರಿವಾಳ, ಬಿಸಿಲಿನ ತಾಪಕ್ಕೆ ಬಿದ್ದ ಗಿಳಿ, ಯಾರದೋ ವಾಹನಕ್ಕೆ ತಗುಲಿದ ಗುಬ್ಬಿ ಎಲ್ಲಕ್ಕೂ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಗುಣವಾದ ಹಕ್ಕಿಯನ್ನು ಆಕಾಶಕ್ಕೆ ಬಿಡುತ್ತಾರೆ. ಹಕ್ಕಿಯನ್ನು ಕಾಣುವುದಕ್ಕಾಗಿ ಯಾರೂ ಅದನ್ನು ಅಲ್ಲಿಗೆ ತಂದದ್ದಲ್ಲ, ಹಕ್ಕಿಗೆ ಅಗತ್ಯವಿದ್ದುದರಿಂದ ತಂದದ್ದು. ಅಗತ್ಯ ತೀರಿದೊಡನೆ ಮನುಷ್ಯ ಅದರ ದಾರಿಯಿಂದ ಸರಿದು ನಿಲ್ಲುತ್ತಾನೆ. ಪ್ರಾಣಿಯೊಡನೆ ಶ್ರಾವಕನ ಸಂಬಂಧ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಆಗ್ರಾದ ಸಮೀಪದ ಫತೇಪುರ್ ಸಿಕ್ರಿಯನ್ನು ಪ್ರವಾಸಿಗಳು ಬುಲಂದ್ ದರವಾಜಾಕ್ಕಾಗಿ ನೋಡುತ್ತಾರೆ. ಜೈನರಿಗೆ ಅದು ಇನ್ನೊಂದು ಕಾರಣಕ್ಕೆ ಸ್ಮರಣೀಯ. 1583ರಲ್ಲಿ ಆಚಾರ್ಯ ಹೀರವಿಜಯ ಸೂರಿಗಳು ಅಕ್ಬರ್ ಬಾದಶಹನ ಆಹ್ವಾನದ ಮೇರೆಗೆ ಗುಜರಾತಿನಿಂದ ಕಾಲ್ನಡಿಗೆಯಲ್ಲಿ ಅಲ್ಲಿಗೆ ಬಂದರು. ಅವರು ಬೇಡಿದ್ದು ಧನಕನಕವನ್ನಲ್ಲ. ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆ ನಿಷೇಧಗೊಂಡುದು, ಪಂಜರದ ಹಕ್ಕಿಗಳಿಗೆ ಬಿಡುಗಡೆ ದೊರೆತುದು ಆ ಭೇಟಿಯ ಫಲ. ಅಕ್ಬರನಾದರೋ ಬೇಟೆಯಲ್ಲಿ ಅತ್ಯಾಸಕ್ತನಾಗಿದ್ದವನು. ಮೊಗಲರಲ್ಲಿ ‘ಕಮರ್ಗಾ’ ಎಂಬ ಬೇಟೆಯ ಕ್ರಮವಿತ್ತು: ಸಾವಿರಾರು ಜನ ಕಾಡನ್ನು ಸುತ್ತುವರಿದು, ಪ್ರಾಣಿಗಳನ್ನು ಒಂದು ವರ್ತುಲದೊಳಕ್ಕೆ ಅಟ್ಟಿ ತಂದು, ಆ ವರ್ತುಲವನ್ನು ದಿನದಿಂದ ದಿನಕ್ಕೆ ಕಿರಿದುಗೊಳಿಸುವುದು. 1578ರಲ್ಲಿ ಪಂಜಾಬಿನ ಭೇರಾ ಪ್ರದೇಶದಲ್ಲಿ ಇಂಥದೊಂದು ಬೇಟೆ ಸಿದ್ಧವಾಗಿದ್ದಾಗ ಅಕ್ಬರನ ಮನಸ್ಸು ಇದ್ದಕ್ಕಿದ್ದಂತೆ ತಿರುಗಿತು. ಪ್ರಾಣಿಗಳನ್ನು ಬಿಟ್ಟುಬಿಡುವಂತೆ ಅಪ್ಪಣೆ ಮಾಡಿದನು. ಐದು ವರ್ಷಗಳ ಅನಂತರ ಬಂದ ಆಚಾರ್ಯರ ಮಾತು ಅಷ್ಟು ಹೊತ್ತಿಗೆ ಹದವಾಗಿದ್ದ ನೆಲಕ್ಕೆ ಬಿದ್ದ ಬೀಜವಾಯಿತು. ಸಾಮ್ರಾಟನೊಬ್ಬನಿಗೆ ವರ್ತುಲವನ್ನು ಒಡೆಯುವುದು ಸಾಧ್ಯವಾಯಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಆ ವರ್ತುಲದ ಮಾತು ಮತ್ತೆ ಬರುತ್ತದೆ.

ಇನ್ನು ರಣಥಂಭೋರ್. ಕಾಡಿನ ನಡುವೆ ಬಂಡೆಯ ಮೇಲೆ ನಿಂತ ಆ ಕೋಟೆಯ ಕಡೆಯ ಚೌಹಾಣ ಅರಸು ಹಮ್ಮೀರದೇವ. ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯದಿಂದ ಬಂಡೆದ್ದು ಬಂದ ಮಂಗೋಲರು ಅವನಲ್ಲಿ ಆಶ್ರಯ ಬೇಡಿದರು. ಅವರನ್ನು ಒಪ್ಪಿಸಲೊಲ್ಲದೆ ಹಮ್ಮೀರನು 1301ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಆತನ ಕೀರ್ತಿಯನ್ನು ‘ಹಮ್ಮೀರ ಮಹಾಕಾವ್ಯ’ವಾಗಿ ಸಂಸ್ಕೃತದಲ್ಲಿ ರಚಿಸಿದವರು 15ನೆಯ ಶತಮಾನದ ಜೈನಮುನಿ ನಯಚಂದ್ರ ಸೂರಿಗಳು. ಯುದ್ಧವನ್ನು ತ್ಯಜಿಸಿದ ಮುನಿಯೊಬ್ಬರು ಯುದ್ಧದಲ್ಲಿ ಮಡಿದ ಅರಸನನ್ನು ಕಾವ್ಯನಾಯಕನನ್ನಾಗಿ ಆರಿಸಿಕೊಂಡರು. ಆ ಅರಸನ ಹೆಸರು ಇಂದಿಗೂ ಉಳಿದಿರುವುದು ಶರಣು ಬಂದವರಿಗೆ ಕೊಟ್ಟ ಅಭಯವನ್ನು ಹಿಂದೆಗೆಯದಿದ್ದ ಕಾರಣಕ್ಕೆ. ಕೋಟೆಯೊಳಗೆ ಸುಮತಿನಾಥ ಮತ್ತು ಸಂಭವನಾಥ ತೀರ್ಥಂಕರರ ಜಿನಾಲಯವೂ ಇದೆ.

ಹೀಗೆ ದೆಹಲಿಯಿಂದ ರಣಥಂಭೋರಿನವರೆಗೆ ಯಾತ್ರಿಕನು ನಡೆಯುವುದು ಅಭಯದ ದಾರಿಯಲ್ಲಿ. ಸರಕಾರವೂ ಆ ಕಾಡಿಗೆ ಇಟ್ಟ ಹೆಸರು ಅಭಯಾರಣ್ಯವೆಂದೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಬಾಲ್ಯದಿಂದ ಕೇಳುತ್ತ ಬಂದ ಸಮಾಜಕ್ಕೆ ಆ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿರುವಾಗ ಅಲ್ಲಿಯ ಅಭಯ ಯಾರಿಗೆ ದೊರೆಯುತ್ತಿದೆ ಎಂದು ಕೇಳುವುದು ಸಮಾಜದ ಕರ್ತವ್ಯ.

ಈ ಕಾಡಿನ ಪೂರ್ವಚರಿತ್ರೆ ಅಷ್ಟು ಶುಭ್ರವಾದುದಲ್ಲ. ಅದು ಜಯಪುರದ ಮಹಾರಾಜರ ಬೇಟೆಯ ಕಾಡು. 1955ರಲ್ಲಿ ಅದನ್ನು ವನ್ಯಧಾಮವೆಂದು ಘೋಷಿಸಿದ ಮೇಲೂ, 1961ರಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಭಾರತಕ್ಕೆ ಬಂದಾಗ, ರಾಜಕುಟುಂಬದ ಅತಿಥಿಗಳಿಗಾಗಿ ಅಲ್ಲಿ ಬೇಟೆ ಏರ್ಪಾಡಾಗಿ ರಾಣಿಯ ಪತಿ ಫಿಲಿಪ್ ಹುಲಿಯೊಂದನ್ನು ಹೊಡೆದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಕರ್ನಾಟಕದ ಬಂಡೀಪುರದಂತೆ ರಣಥಂಭೋರವೂ ಒಂದು. 1980ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿದ್ದ ಹಳ್ಳಿಗಳ ಜನರು ಹುಲಿಗಾಗಿ ತಮ್ಮ ಮನೆ, ಹೊಲ, ಬಾವಿಗಳನ್ನು ಬಿಟ್ಟು ಹೊರಗೆ ಬಂದರು. ಕೋವಿ ಹೋಯಿತು. ಆದರೆ ಬೇಟೆಗಾರನ ಕುತೂಹಲ ಹೋಯಿತೇ? ‘ಸಫಾರಿ’ ಎಂಬ ಶಬ್ದ ಪ್ರಯಾಣವೆಂಬ ಅರ್ಥದ ‘ಸಫರ್’ನಿಂದ ಬಂದುದು, ಪೂರ್ವ ಆಫ್ರಿಕಾದಲ್ಲಿ ಬಿಳಿಯರ ಬೇಟೆಯ ದಂಡಯಾತ್ರೆಗಳಿಗೆ ಅಂಟಿಕೊಂಡು ಲೋಕಪ್ರಸಿದ್ಧವಾಯಿತು. ಕೋವಿಯ ಸ್ಥಾನದಲ್ಲಿ ಈಗ ಕ್ಯಾಮೆರಾ ಬಂದಿದೆ. ಹುಡುಕುವುದು, ಅಟ್ಟುವುದು, ಅಡ್ಡಗಟ್ಟುವುದು, ‘ಸಿಕ್ಕಿತು’ ಎಂದು ಹಿಗ್ಗುವುದು ಮಾತ್ರ ಹಾಗೆಯೇ ಉಳಿದಿವೆ.

ಸಫಾರಿ ನಡೆಯುವ ಬಗೆಯನ್ನು ಸಮೀಪದಿಂದ ನೋಡಬೇಕು. ದಿನಕ್ಕೆ ಎರಡು ಸರದಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಜಿಪ್ಸಿಯಲ್ಲಿ ಆರು ಮಂದಿ, ತೆರೆದ ಕ್ಯಾಂಟರಿನಲ್ಲಿ ಇಪ್ಪತ್ತು ಮಂದಿ. ಬೆಳಗಿನ ಸರದಿಗೆ ಹೋಗುವವರಿಗೆ ಅಂದಿನ ಅಭಿಷೇಕ, ಪೂಜೆ ತಪ್ಪುತ್ತದೆ. ಮಧ್ಯಾಹ್ನದ ಸರದಿಯವರು ಮರಳುವಾಗ ಸೂರ್ಯಾಸ್ತವಾಗಿ ರಾತ್ರಿಭೋಜನ ತ್ಯಾಗದ ನಿಯಮ ಇಕ್ಕಟ್ಟಿಗೆ ಸಿಲುಕುತ್ತದೆ. ಇದನ್ನು ಸಣ್ಣ ಮಾತೆಂದು ಬಿಡೋಣವೆಂದರೂ, ಮಾರ್ಗದರ್ಶಕನು ಹುಲಿಯನ್ನು ಹೇಗೆ ಹುಡುಕುತ್ತಾನೆಂಬುದನ್ನು ಬಿಡುವಂತಿಲ್ಲ. ಅವನು ಕಿವಿಗೊಡುವುದು ಜಿಂಕೆಯ, ಕಡವೆಯ, ಮುಸುವದ ಭಯದ ಕೂಗಿಗೆ. ಆ ಕೂಗು ಕೇಳಿದೊಡನೆ ವಾಹನ ಅತ್ತ ತಿರುಗುತ್ತದೆ. ಹುಲಿ ಕಂಡಿತೆಂಬ ಸುದ್ದಿ ಹರಡಿದರೆ ಇತರ ವಾಹನಗಳೂ ಅದೇ ದಿಕ್ಕಿಗೆ ಧಾವಿಸುತ್ತವೆ. ಹುಲಿ ದಾರಿ ದಾಟಬೇಕೆಂದರೆ ಮುಂದೊಂದು ಸಾಲು, ಹಿಂದೊಂದು ಸಾಲು. ಅಕ್ಬರನು ಒಡೆದ ಕಮರ್ಗಾ ವರ್ತುಲ ನಾಲ್ಕೂವರೆ ಶತಮಾನದ ಮೇಲೆ ಮತ್ತೆ ಕೂಡಿಕೊಂಡಂತಾಯಿತು. ಹುಲಿಯನ್ನು ಸುತ್ತುವರಿಯಬಾರದೆಂಬ ನಿಯಮವನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂದುದೇ ಜನರು ಸುತ್ತುವರಿಯುತ್ತಿದ್ದರೆಂಬುದಕ್ಕೆ ಸಾಕ್ಷಿ.

ದ್ವಾರಕೆಯ ಕುಮಾರ ನೇಮಿನಾಥರ ಕಥೆಯನ್ನು ಅರಿಯದ ಜೈನಬಾಲಕನಿಲ್ಲ. ವಿವಾಹಕ್ಕೆ ಹೊರಟ ರಥದಲ್ಲಿ ಕುಳಿತಿದ್ದಾಗ ಅವರಿಗೂ ಪ್ರಾಣಿಗಳ ಭಯದ ಕೂಗು ಕೇಳಿಸಿತು. ಅವರ ರಥ ಹಿಂದಿರುಗಿತು. ಸಫಾರಿಯ ರಥವಾದರೋ ಅದೇ ಕೂಗನ್ನು ಕೇಳಿ ಮುಂದೆ ನುಗ್ಗುತ್ತದೆ. ಹಿಂದಿನ ದಿನವಷ್ಟೇ ಜಿನಬಿಂಬದ ಮುಂದೆ ಕೈಮುಗಿದ ತಂಡ ಆ ವಾಹನದಲ್ಲಿ ಕುಳಿತು, ಇನ್ನಷ್ಟು ವೇಗವಾಗಿ ಹೋಗೆಂದು ಚಾಲಕನನ್ನು ಅವಸರಪಡಿಸುವುದು ಎಂಥ ವಿಪರ್ಯಾಸ!

ಶ್ರಾವಕಾಚಾರದಲ್ಲಿ ಇದಕ್ಕೆ ಸ್ಪಷ್ಟವಾದ ಹೆಸರಿದೆ: ಅನರ್ಥದಂಡ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಅದರ ಐದು ಬಗೆಗಳನ್ನು ಎಣಿಸುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದು, ವನಸ್ಪತಿಯನ್ನು ಕತ್ತರಿಸುವುದು, ತಾನು ಅಲೆಯುವುದು, ಇತರರನ್ನು ಅಲೆಯಿಸುವುದು ಪ್ರಮಾದಚರ್ಯೆಯೆಂದು ಆಚಾರ್ಯರ ಅಭಿಪ್ರಾಯ. ರೈತನ ನೇಗಿಲಿನಿಂದಲೂ ಜೀವಹಾನಿಯಾಗುತ್ತದೆ. ಆದರೆ ಅದಕ್ಕೆ ಅನ್ನವೆಂಬ ಪ್ರಯೋಜನವಿದೆ. ಕಾಡಿನ ದೂಳುದಾರಿಯಲ್ಲಿ ಮೂರು ಗಂಟೆ ಅಲೆದಾಡುವ ವಾಹನದ ಗಾಲಿಗೆ ಯಾವ ಪ್ರಯೋಜನವನ್ನು ಹೇಳಬಹುದು? ತಾನು ಅಲೆಯುವುದು ಒಬ್ಬ ಗೃಹಸ್ಥನ ದೋಷವಾದರೆ, ಐವತ್ತು ಮಂದಿಯನ್ನು ಅಲೆಯಿಸುವುದು ಟ್ರಸ್ಟಿನ ದೋಷ. ಆಚಾರ್ಯರು ಎರಡನ್ನೂ ಹೆಸರಿಸಿದ್ದಾರೆ.

ಅಪಧ್ಯಾನದ ಮಾತು ಇನ್ನೂ ಗಂಭೀರವಾದುದು. ವಧೆ, ಬಂಧನ, ಛೇದಗಳನ್ನು ಮನಸ್ಸಿನಲ್ಲಿ ಬಯಸುವುದು ಅಪಧ್ಯಾನ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಬೇಟೆಯ ಚಿಂತನೆಯನ್ನೇ ನಿಷೇಧಿಸಿದ್ದಾರೆ. ಸಫಾರಿಗೆ ಹೋದವರಲ್ಲಿ ಪರಮಭಾಗ್ಯಶಾಲಿ ಯಾರು? ಹುಲಿ ಜಿಂಕೆಯ ಮೇಲೆ ಹಾರಿ ಕೊರಳು ಹಿಡಿದುದನ್ನು ಕಂಡವನು. ಆ ದೃಶ್ಯಕ್ಕಾಗಿ ಉಸಿರು ಬಿಗಿಹಿಡಿದು ಕಾಯುವವರ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಇರುವ ಹಾರೈಕೆ ಏನು? ಜಿಂಕೆ ತಪ್ಪಿಸಿಕೊಳ್ಳಲಿ ಎಂದೇ? ಹುಲಿಗೆ ಕೊಲ್ಲುವುದು ಭವಸ್ವಭಾವ, ಹಸಿವಿನಿಂದ ಕೊಲ್ಲುತ್ತದೆ. ಹೊಟ್ಟೆ ತುಂಬಿದ ಮನುಷ್ಯ ಆ ಕೊಲೆಯನ್ನು ಹಾರೈಸುತ್ತ ಕುಳಿತುಕೊಳ್ಳುವುದು ಯಾವ ಸ್ವಭಾವ? ಕೈಯಿಂದ ಹಿಂಸೆ ನಡೆಯಲಿಲ್ಲ, ಆದುದರಿಂದ ದೋಷವಿಲ್ಲ ಎನ್ನುವವರು ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಮೂರನೆಯದನ್ನು ಮರೆತಿರುತ್ತಾರೆ.

ಇದಕ್ಕೆ ಪ್ರತಿಯಾಗಿ ಮೂರು ವಾದಗಳು ಕೇಳಿಬರುತ್ತವೆ. ಅವನ್ನು ನ್ಯಾಯವಾಗಿ ಪರಿಶೀಲಿಸಬೇಕು.

ಮೊದಲನೆಯದು, ಪ್ರವಾಸಿಗಳ ಹಣದಿಂದಲೇ ಹುಲಿ ಉಳಿದಿದೆ ಎಂಬ ವಾದ. ದೇಶದಲ್ಲಿ ಹುಲಿಗಳ ಸಂಖ್ಯೆ 2006ರ ಅಂದಾಜಿನಲ್ಲಿ 1411 ಇದ್ದುದು 2022ರ ಅಂದಾಜಿನಲ್ಲಿ 3682ಕ್ಕೆ ಏರಿರುವುದು ಸಂತೋಷದ ಸಂಗತಿ. ಪ್ರವಾಸಿಗಳಿಂದ ಸ್ಥಳೀಯರಿಗೆ ಉದ್ಯೋಗ ದೊರೆಯುತ್ತದೆ, ಜನಸಂಚಾರವಿರುವ ಕಡೆ ಕಳ್ಳಬೇಟೆಗಾರರು ಅಂಜುತ್ತಾರೆ ಎಂಬುದರಲ್ಲಿಯೂ ಸತ್ಯಾಂಶವಿದೆ. ಆದರೆ ಅದೇ ರಾಜಸ್ಥಾನದಲ್ಲಿ, ದೆಹಲಿ–ಜಯಪುರಗಳ ನಡುವೆ, ಪ್ರವಾಸಿಗಳು ಹೋಗಿಬರುತ್ತಿದ್ದ ಸರಿಸ್ಕಾ ಕಾಡಿನಲ್ಲಿ 2005ರ ಹೊತ್ತಿಗೆ ಕಳ್ಳಬೇಟೆಯಿಂದ ಒಂದೂ ಹುಲಿ ಉಳಿದಿರಲಿಲ್ಲ. 2008ರಲ್ಲಿ ರಣಥಂಭೋರಿನಿಂದಲೇ ಹುಲಿಗಳನ್ನು ಒಯ್ದು ಬಿಡಬೇಕಾಯಿತು. ಹುಲಿಯನ್ನು ಕಾಯುವವನು ರಾತ್ರಿ ಕಾಡಿನಲ್ಲಿ ಕಾಲ್ನಡಿಗೆಯಿಂದ ತಿರುಗುವ ಕಾವಲುಗಾರ. ಮನೆ ಬಿಟ್ಟುಕೊಟ್ಟ ಹಳ್ಳಿಗ. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹುಲಿಧಾಮಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಕ್ಟೋಬರಿನಲ್ಲಿ ಮಾರ್ಗಸೂಚಿಗಳಿಗೆ ಒಳಪಡಿಸಿ ಮತ್ತೆ ಬಿಟ್ಟುಕೊಟ್ಟಿತು. ಒಳಭಾಗದ ಶೇಕಡ 20ಕ್ಕಿಂತ ಹೆಚ್ಚು ಪ್ರದೇಶವನ್ನು ಪ್ರವಾಸಕ್ಕೆ ಬಳಸಬಾರದೆಂಬುದು ಆ ಮಾರ್ಗಸೂಚಿಯ ಒಂದಂಶ. ಸಫಾರಿಯು ಹುಲಿಗೆ ಕೇವಲ ಹಿತವಾಗಿದ್ದರೆ ಇಂಥ ಮಿತಿ ಏತಕ್ಕೆ ಬೇಕಾಗುತ್ತಿತ್ತು? ಹುಲಿಗೆ ನೆರವಾಗುವ ಮನಸ್ಸಿದ್ದವರು ದಾನ ಕೊಡಲಿ. ಕೊಟ್ಟ ಹಣಕ್ಕೆ ಪ್ರತಿಯಾಗಿ ಹುಲಿಯನ್ನೇ ಕಣ್ಣಮುಂದೆ ತೋರಿಸೆಂದು ಕೇಳುವುದು ದಾನವಲ್ಲ, ವ್ಯಾಪಾರ.

ಎರಡನೆಯದು, ಸಫಾರಿಯಿಂದ ಯಾರಿಗೂ ಹಾನಿಯಿಲ್ಲ ಎಂಬ ವಾದ. ರಣಥಂಭೋರಿನಲ್ಲಿ ‘ಉಸ್ತಾದ್’ ಎಂದು ಪ್ರಸಿದ್ಧವಾಗಿದ್ದ ಟಿ–24 ಎಂಬ ಹುಲಿ, ಪ್ರವಾಸಿಗಳು ಮೆಚ್ಚಿ ಚಿತ್ರ ತೆಗೆಯುತ್ತಿದ್ದ ಹುಲಿ. ಅದೇ ಹುಲಿಯ ಮೇಲೆ ನಾಲ್ವರ ಸಾವಿನ ಆರೋಪ ಬಂದು, 2015ರ ಮೇ ತಿಂಗಳಲ್ಲಿ ಅದನ್ನು ಉದಯಪುರದ ಸಜ್ಜನಗಢ ಉದ್ಯಾನದ ಬೇಲಿಯೊಳಕ್ಕೆ ಒಯ್ದರು. 2022ರಲ್ಲಿ ಅದು ಸೆರೆಯಲ್ಲಿಯೇ ಸತ್ತಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದೇ ಪ್ರದೇಶದಲ್ಲಿ ಮೂವರು ಹುಲಿಗೆ ಬಲಿಯಾದರು: ಏಳು ವರ್ಷದ ಬಾಲಕ, ಒಬ್ಬ ಅರಣ್ಯಾಧಿಕಾರಿ, ಮತ್ತು ಕೋಟೆಯ ಜೈನ ಮಂದಿರವನ್ನು ಕಾಯುತ್ತಿದ್ದ ವೃದ್ಧ ಸೇವಕ. ಅನಾರೋಗ್ಯದಿಂದಿದ್ದ ತಾಯಿಹುಲಿಯೊಂದಕ್ಕೆ ಜೀವಂತ ಪ್ರಾಣಿಗಳನ್ನು ಆಹಾರವಾಗಿ ಒದಗಿಸಿದುದರಿಂದ ಅದರ ಮರಿಗಳು ಮನುಷ್ಯರಿಗೆ ಅಂಜದಂತಾದವು ಎಂಬ ಟೀಕೆ ಆಗ ಪತ್ರಿಕೆಗಳಲ್ಲಿ ಬಂದಿತು. ಈ ಸಾವುಗಳಿಗೆ ಸಫಾರಿಯೊಂದೇ ಕಾರಣವೆಂದು ಹೇಳುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ಆದರೆ ಹುಲಿಗೂ ಮನುಷ್ಯನಿಗೂ ನಡುವೆ ಇರಬೇಕಾದ ದೂರ ಎರಡು ಪಕ್ಷಗಳ ಪ್ರಾಣವನ್ನೂ ಕಾಯುತ್ತದೆ. ಆ ದೂರವನ್ನು ದಿನಕ್ಕೆ ಎರಡು ಬಾರಿ ಸವೆಸುವುದೇ ಸಫಾರಿಯ ಕೆಲಸ. ಕರ್ನಾಟಕದವರಿಗೂ ಇದು ದೂರದ ಮಾತಲ್ಲ. 2025ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಯಿಂದ ರೈತರು ಪ್ರಾಣ ಕಳೆದುಕೊಂಡಾಗ, ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಕ್ಕೆ ಕಳುಹಿಸುವಂತೆ ಸರಕಾರ ಆದೇಶಿಸಿತು. ಸಂಕಟದ ಹೊತ್ತಿನಲ್ಲಿ ಯಾವುದನ್ನು ಮೊದಲು ನಿಲ್ಲಿಸಬಹುದೆಂಬುದು ಅಂದು ತಿಳಿಯಿತು.

ಮೂರನೆಯದು, ಮಕ್ಕಳು ಪ್ರಾಣಿಗಳನ್ನು ನೋಡಿ ಪ್ರೀತಿಸಲು ಕಲಿಯುತ್ತಾರೆ ಎಂಬ ವಾದ. ಇದೇ ಎಲ್ಲಕ್ಕಿಂತ ಮನಮುಟ್ಟುವ ವಾದ. ಆದುದರಿಂದಲೇ ಹೆಚ್ಚು ಎಚ್ಚರಿಕೆಯಿಂದ ಉತ್ತರಿಸಬೇಕಾದುದು. ಜೈನ ಮಕ್ಕಳು ಪ್ರಾಣಿಗಳನ್ನು ಮೊದಲು ಕಾಣುವುದು ಜಿನಬಿಂಬದ ಪೀಠದಲ್ಲಿ. ವೃಷಭನಾಥರಿಗೆ ಎತ್ತು, ಅಜಿತನಾಥರಿಗೆ ಆನೆ, ಶಾಂತಿನಾಥರಿಗೆ ಜಿಂಕೆ, ಮಹಾವೀರರಿಗೆ ಸಿಂಹ. ಸಮವಸರಣದ ಚಿತ್ರದಲ್ಲಿ ಹುಲಿಯೂ ಹಸುವೂ ಒಂದೇ ಕಡೆ ಕುಳಿತು ದಿವ್ಯಧ್ವನಿಯನ್ನು ಆಲಿಸುತ್ತವೆ. ಅಲ್ಲಿಗೆ ಆ ಪ್ರಾಣಿಗಳನ್ನು ಯಾರೂ ಅಟ್ಟಿ ತರಲಿಲ್ಲ. ಭಯವಿಲ್ಲದ ಸ್ಥಳವೆಂದು ಅರಿತು ತಾವಾಗಿ ಬಂದವು. ಸಫಾರಿಯಲ್ಲಿ ಮಗು ಕಲಿಯುವುದು ಇದರ ವಿರುದ್ಧ ಪಾಠವನ್ನು: ಹಣ ಕೊಟ್ಟರೆ ಪ್ರಾಣಿಯನ್ನು ಕಾಣುವ ಹಕ್ಕು ಬರುತ್ತದೆ, ಕಾಣದಿದ್ದರೆ ಹಣ ವ್ಯರ್ಥ. ಹುಲಿ ಕಾಣದೆ ಮರಳಿದ ತಂಡ ‘ಏನೂ ಇರಲಿಲ್ಲ’ ಎಂದು ಗೊಣಗುವುದುಂಟು. ನವಿಲು, ಜಿಂಕೆ, ಸರೋವರದ ಮೊಸಳೆ, ನೂರು ಬಗೆಯ ಹಕ್ಕಿ ಎಲ್ಲವೂ ಆ ಮಾತಿನಲ್ಲಿ ‘ಏನೂ ಅಲ್ಲ’ವಾಗಿಬಿಡುತ್ತವೆ. ಏಕೇಂದ್ರಿಯ ಜೀವಕ್ಕೂ ಲೆಕ್ಕವಿಡುವ ಧರ್ಮದ ಮಕ್ಕಳಿಗೆ ಈ ಗೊಣಗಾಟವನ್ನು ಕಲಿಸಬೇಕೇ?

ಆದುದರಿಂದ ಟ್ರಸ್ಟುಗಳ ಮುಂದೆ ಇರುವ ಕರ್ತವ್ಯ ಕಷ್ಟಕರವಾದುದಲ್ಲ. ಯಾತ್ರೆಯ ಪಟ್ಟಿಯಿಂದ ಸಫಾರಿಯ ಸಾಲನ್ನು ತೆಗೆಯಬೇಕು. ಅದರೊಡನೆ ಆಮೇರ್ ಕೋಟೆಯ ಏರಿನಲ್ಲಿ ಆನೆಯ ಬೆನ್ನೇರುವುದನ್ನೂ ತೆಗೆಯಬೇಕು. ಅಜಿತನಾಥರ ಲಾಂಛನಕ್ಕೆ ಕೈಮುಗಿದವರು ಆ ಏರನ್ನು ನಡೆದೇ ಹತ್ತಬಹುದು, ಆಗದವರು ವಾಹನದಲ್ಲಿ ಹೋಗಬಹುದು. ತೆಗೆದ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಹಿಂದಿಯ ಮೊದಲ ಆತ್ಮಕಥೆಯೆಂದು ಹೆಸರಾದ ‘ಅರ್ಧಕಥಾನಕ’ವನ್ನು 1641ರಲ್ಲಿ ಬರೆದ ವ್ಯಾಪಾರಿ ಬನಾರಸೀದಾಸರು ಬಾಳಿದುದು ಆಗ್ರಾದಲ್ಲಿ. ‘ಮೋಕ್ಷಮಾರ್ಗ ಪ್ರಕಾಶಕ’ದ ಕರ್ತೃ ಪಂಡಿತ ಟೋಡರಮಲ್ಲರು ಬಾಳಿದುದು ಜಯಪುರದಲ್ಲಿ. ಸಾಂಗಾನೇರಿನ ಜಿನಾಲಯ ಜಯಪುರದ ಪಕ್ಕದಲ್ಲಿಯೇ ಇದೆ. ರಣಥಂಭೋರ್ ಕೋಟೆಯನ್ನೇ ನೋಡಬೇಕೆನ್ನುವವರು ಸಫಾರಿಯ ಚೀಟಿಯಿಲ್ಲದೆ, ಹಗಲಿನಲ್ಲಿ, ಅರಣ್ಯ ಇಲಾಖೆ ಅನುಮತಿಸಿದ ವೇಳೆ ಮತ್ತು ದಾರಿಯಲ್ಲಿ ಹೋಗಿ, ಸುಮತಿನಾಥ, ಸಂಭವನಾಥರ ದರ್ಶನ ಪಡೆದು ಹಿಂದಿರುಗಬಹುದು. ಸಫಾರಿಗೆಂದು ತೆಗೆದಿರಿಸಿದ ಹಣ ಅಭಯದಾನದ ಲೆಕ್ಕಕ್ಕೆ ಸೇರಲಿ: ದೆಹಲಿಯ ಪಕ್ಷಿಗಳ ಆಸ್ಪತ್ರೆಗೆ, ಕರ್ತವ್ಯದಲ್ಲಿ ಮಡಿದ ಕಾಡಿನ ಕಾವಲುಗಾರರ ಕುಟುಂಬಗಳಿಗೆ, ಹುಲಿಗೆ ದನ ಕಳೆದುಕೊಂಡ ಬಡ ರೈತರಿಗೆ.

ಶ್ರವಣಬೆಳಗೊಳದ ಶಾಸನಗಳು ಹಿಂದಿನ ದಾನಿಗಳನ್ನು ಆಹಾರ, ಅಭಯ, ಔಷಧ, ಶಾಸ್ತ್ರ ದಾನಗಳಲ್ಲಿ ವಿನೋದಪಡುವವರೆಂದು ಬಣ್ಣಿಸುತ್ತವೆ. ಅಭಯವನ್ನು ಕೊಡುವುದೇ ಅವರಿಗೆ ವಿನೋದವಾಗಿತ್ತು. ಕಾಡಿನ ಜೀವಿಗೆ ಮನುಷ್ಯನು ಕೊಡಬಹುದಾದ ಅತ್ಯಂತ ದೊಡ್ಡ ಅಭಯವೆಂದರೆ ಅದರ ದಾರಿಗೆ ಅಡ್ಡ ಬಾರದಿರುವುದು. ಆ ದಾನಕ್ಕೆ ಖರ್ಚಿಲ್ಲ, ಪ್ರಯಾಣವಿಲ್ಲ. ಮುಂದಿನ ಯಾತ್ರೆಯ ಪಟ್ಟಿಯನ್ನು ಅಚ್ಚಿಗೆ ಕೊಡುವ ಮುನ್ನ ಒಂದು ಸಾಲನ್ನು ಹೊಡೆದುಹಾಕಿದರೆ ಸಾಕು.